ಹುಳು ಮನೆಯಲ್ಲಿ ತಮಟೆ ರೆಕಾರ್ಡಿಂಗ್

ಆಡಿಯೋ ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಕೇಳುವವರು ಜಾಸ್ತಿ. ಅವರಿಗೆ ನಾನು ತಿರುಗಿ ಕೇಳುವುದು ಒಂದೇ: ನೀವು ಕತ್ತರಿಸಬೇಕಾದ ಸದ್ದು ಯಾವುದು? ಮಾತನ್ನು ಕತ್ತರಿಸುವುದು ಸುಲಭ. ಎರಡು ಮಾತಿನ ನಡುವೆ ಉಸಿರಾಡುವಷ್ಟು ಜಾಗ ಇದ್ದೇ ಇರುತ್ತದೆ. ತಮಟೆಯಲ್ಲಿ ಆ ಜಾಗ ಸಿಗುವುದಿಲ್ಲ. ಒಂದು ಏಟಿನ ಗುಂಗು ಅಡಗುವ ಮೊದಲೇ ಮುಂದಿನ ಏಟು ಬಿದ್ದಿರುತ್ತದೆ. ಅಲ್ಲಿ ಕತ್ತರಿ ಹಾಕಿದರೆ ಗೊತ್ತಾಗಿಬಿಡುತ್ತದೆ. ನನಗೆ ಗೊತ್ತಾಗದಿದ್ದರೂ ಬಾರಿಸಿದವರಿಗೆ ಗೊತ್ತಾಗುತ್ತದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆಗೆ ಹೆಸರಾದ ಊರು ಅಂತ ಎಲ್ಲರಿಗೂ ಗೊತ್ತು. ತಮಟೆಗೂ ಅಷ್ಟೇ ಹೆಸರು ಬರಬೇಕು ಅನ್ನುವುದು ನನ್ನ ಆಸೆ. ಇದೇ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹಬ್ಬದಂಥ ಸಂತೋಷ. ಆಮೇಲೆ ನಮ್ಮೂರಿನ ಹೈಸ್ಕೂಲ್ ಮಕ್ಕಳಲ್ಲಿ ಕೆಲವರು, ಹೆಣ್ಣುಮಕ್ಕಳೂ ಸೇರಿ, ತಮಟೆ ಕಲಿಯಬೇಕು ಅಂತ ಬಂದರು. ಕಲಿಸುವ ತಾತನಿಗೆ ವಯಸ್ಸಾಗಿದೆ. ದಿನಾ ಸಂಜೆ ಒಂದೇ ಗತ್ತನ್ನು, ಅಂದರೆ ಏಟುಗಳ ಒಂದೇ ಜೋಡಣೆಯನ್ನು, ಮತ್ತೆ ಮತ್ತೆ ಬಾರಿಸಿ ತೋರಿಸಲು ಅವರ ತೋಳಿಗೆ ಆಗುವುದಿಲ್ಲ. "ಒಂದೊಂದು ಗತ್ತನ್ನೂ ಬೇರೆ ಬೇರೆ ಮಾಡಿ ಹಾಕಿಕೊಡಮ್ಮ. ಮೊದಲು ನಿಧಾನಕ್ಕೆ ಕೇಳಿಸಬೇಕು, ಆಮೇಲೆ ಓಟಕ್ಕೆ ಕೇಳಿಸಬೇಕು" ಅಂದರು. ಕೆಲಸ ಅಲ್ಲಿಂದ ಶುರುವಾಯಿತು.

ರೆಕಾರ್ಡಿಂಗ್‌ಗೆ ಜಾಗ ಚಿಕ್ಕಪ್ಪನ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ಆ ಬೆಳೆಯ ಗೂಡು ಮಾರುಕಟ್ಟೆಗೆ ಹೋಗಿತ್ತು. ಮುಂದಿನ ಹುಳು ಬರುವ ತನಕ ಮನೆ ತೊಳೆದು ಖಾಲಿ ಬಿಟ್ಟಿದ್ದರು. ಖಾಲಿ ಸಿಮೆಂಟ್ ಗೋಡೆಯ ಕೋಣೆಯಲ್ಲಿ ತಮಟೆ ಬಾರಿಸಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕಿವಿ ಗುಂಯ್ ಅನ್ನುತ್ತದೆ. ಅದಕ್ಕೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ನಮ್ಮ ಹಳೇ ಚಂದ್ರಿಕೆಗಳನ್ನೆಲ್ಲ ತಂದು ಗೋಡೆಗೆ ಒರಗಿಸಿದೆವು. ಅವುಗಳ ಸುತ್ತುಸುತ್ತಿನ ಬಿದಿರ ಪಟ್ಟಿಗಳಿಗೆ ಸದ್ದು ಸಿಕ್ಕಿ ಚದುರಿಹೋಗುತ್ತದೆ. ಅವುಗಳ ಹಿಂದೆ ಕಂಬಳಿ ಇಳಿಬಿಟ್ಟೆವು. ದುಡ್ಡು ಕೊಟ್ಟು ಫೋಮ್ ತಂದು ಅಂಟಿಸಿದ ಕೋಣೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಈ ಕೋಣೆ ಅವಕ್ಕೇನೂ ಕಡಿಮೆ ಇರಲಿಲ್ಲ.

ಇನ್ನೊಂದು ಲೆಕ್ಕ ತ್ರೀ ಫೇಸ್ ಕರೆಂಟಿನದು. ಅದು ಬಂದ ಕೂಡಲೇ ಸುತ್ತಲಿನ ತೋಟಗಳ ಬೋರ್‌ವೆಲ್ ಮೋಟಾರ್‌ಗಳು ಶುರುವಾಗುತ್ತವೆ. ಆ ಗುಯ್‌ಗುಟ್ಟುವಿಕೆ ಮೈಕಿಗೆ ಹತ್ತಿಕೊಂಡರೆ ಆಮೇಲೆ ಪೂರ್ತಿ ತೆಗೆಯಲು ಆಗದು. ಹಾಗಾಗಿ ತ್ರೀ ಫೇಸ್ ಇಲ್ಲದ ಹೊತ್ತು ನೋಡಿಕೊಂಡು ಕೂತೆವು. ಫ್ಯಾನ್ ಬಂದ್. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ. ಒಂದು ಡೈನಮಿಕ್ ಮೈಕ್ ತಮಟೆಯ ಹತ್ತಿರ, ಒಂದು ಕಂಡೆನ್ಸರ್ ಮೈಕ್ ಸುಮಾರು ಮೂರು ಮೀಟರ್ ದೂರ. ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ತಮಟೆಯ ಏಟು ಮೈಕಿಗೆ ಸಿಡಿಲಿನ ಹಾಗೆ ಬಂದು ಬೀಳುತ್ತದೆ. ಅದಕ್ಕೇ ಅತಿ ಜೋರು ಏಟೂ ಮೈನಸ್ 10 ಡೆಸಿಬೆಲ್ ಹತ್ತಿರವೇ ನಿಲ್ಲುವಂತೆ ಗೇನ್, ಅಂದರೆ ಮೈಕಿನ ಸದ್ದು ಹಿಡಿಯುವ ಮಟ್ಟ, ಇಳಿಸಿಟ್ಟೆ. 24 ಬಿಟ್‌ನಲ್ಲಿ ಅಷ್ಟು ಕೆಳಗೆ ರೆಕಾರ್ಡ್ ಮಾಡಿದರೂ ಏನೂ ನಷ್ಟವಿಲ್ಲ. ಸೊನ್ನೆ ಡೆಸಿಬೆಲ್‌ನ ಮೇಲಿನ ಗೆರೆ ದಾಟಿ ಒಡೆದ ಸದ್ದನ್ನು ಮಾತ್ರ ಯಾವ ಸಾಫ್ಟ್‌ವೇರೂ ಸರಿಯಾಗಿ ಕೂಡಿಸಿಕೊಡುವುದಿಲ್ಲ.

ಹೊರಗೆ ಒಣಹುಲ್ಲು ಹಚ್ಚಿ ತಮಟೆ ಕಾಯಿಸಿದರು. ಚರ್ಮ ಬಿಗಿಯಾಯಿತು. ತಾತ, ಅವರ ಮಗ, ಇನ್ನಿಬ್ಬರು ಸರದಿಯ ಮೇಲೆ ಬಾರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಚರ್ಮ ತಣ್ಣಗಾಗಿ ಸಡಿಲವಾಗುತ್ತದೆ, ಮತ್ತೆ ಹೊರಗೆ ಹೋಗಿ ಕಾಯಿಸಿಕೊಂಡು ಬರುತ್ತಾರೆ. ಮಧ್ಯಾಹ್ನದ ತನಕ ಹೀಗೇ ನಡೆಯಿತು.

ಊಟ ಆದ ಮೇಲೆ ಎಲ್ಲರೂ ಅಲ್ಲೇ ಚಾಪೆಯ ಮೇಲೆ ಕೂತರು. ನಾನು ಒಂದೇ ತುಣುಕನ್ನು ಮೂರು ಸಾಫ್ಟ್‌ವೇರ್‌ಗಳಲ್ಲಿ ತೆರೆದೆ. ಕೆಲಸವೂ ಒಂದೇ: ಓಡುತ್ತಿರುವ ಬಾರಿಕೆಯಿಂದ ಒಂದು ಗತ್ತನ್ನು ಬಿಡಿಸಿ ತೆಗೆಯಬೇಕು, ಅದು ನಿಲ್ಲದೆ ಸುತ್ತು ಹೊಡೆಯುವಂತೆ ತುದಿಗೆ ತುದಿ ಸೇರಿಸಬೇಕು, ಆಮೇಲೆ ಅದನ್ನು ನಿಧಾನ ಮಾಡಬೇಕು.

ಮೊದಲನೆಯದು ಆಡಾಸಿಟಿ. 2000ದಲ್ಲಿ ಹೊರಬಂದ ಉಚಿತ ಸಾಫ್ಟ್‌ವೇರ್ ಇದು. ನಮ್ಮ ಕಡೆ ಸ್ಕೂಲ್ ಡೇಗೆ ಹಾಡು ಕತ್ತರಿಸುವವರೆಲ್ಲ ಕಲಿತದ್ದು ಇದರಲ್ಲೇ. 2022ರಲ್ಲಿ ಬಂದ 3.2 ಆವೃತ್ತಿಯಿಂದ ಎಫೆಕ್ಟ್‌ಗಳನ್ನು ಮೂಲ ಸದ್ದಿಗೆ ತಾಗದ ಹಾಗೆ, ಹಾಡು ಓಡುತ್ತಿರುವಾಗಲೇ ಬದಲಿಸಿ ನೋಡಬಹುದು. ಅಲ್ಲಿಯವರೆಗೆ ಎಫೆಕ್ಟ್ ಹಾಕಿದರೆ ಪರದೆಯ ಮೇಲೆ ಕಾಣುವ ಸದ್ದಿನ ಅಲೆಯೇ ಬದಲಾಗಿಬಿಡುತ್ತಿತ್ತು. ಸೇರಿಕೆಯಲ್ಲಿ 'ಟಿಕ್' ಅನ್ನುವ ಸದ್ದು ಯಾಕೆ ಬರುತ್ತದೆ ಅಂದರೆ, ಅಲೆ ಮೇಲಿರುವಾಗ ಕತ್ತರಿಸಿ, ಕೆಳಗಿರುವ ಅಲೆಗೆ ಜೋಡಿಸಿರುತ್ತೇವೆ. ನಡುವೆ ಸದ್ದು ಒಮ್ಮೆಗೇ ಜಿಗಿಯುತ್ತದೆ. ಆಡಾಸಿಟಿಯಲ್ಲಿ ಜಾಗ ಆರಿಸಿಕೊಂಡು ಝಡ್ ಕೀಲಿ ಒತ್ತಿದರೆ, ಅಲೆ ಸೊನ್ನೆ ಗೆರೆ ದಾಟುವ ಹತ್ತಿರದ ಜಾಗಕ್ಕೆ ಆಯ್ಕೆ ಸರಿಯುತ್ತದೆ. ಟಿಕ್ ಹೋಯಿತು. ಆದರೆ ಎರಡು ಮೈಕಿನ ಎರಡು ಟ್ರ್ಯಾಕ್ ಇದ್ದಾಗ ಸೊನ್ನೆ ಎರಡರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲವಲ್ಲ. ಸದ್ದು ಮೂರು ಮೀಟರ್ ಸಾಗಲು ಸುಮಾರು 9 ಮಿಲಿಸೆಕೆಂಡ್ ಬೇಕು, ದೂರದ ಮೈಕಿನಲ್ಲಿ ಏಟು ಅಷ್ಟು ತಡ. ಅಲ್ಲಿ ಒಂದು ತುಂಡಿನ ಸದ್ದು ಇಳಿಯುತ್ತಿದ್ದಂತೆ ಇನ್ನೊಂದರದ್ದು ಏರುವ ಕ್ರಾಸ್‌ಫೇಡ್ ಬೇಕೇ ಬೇಕು. ಪ್ರತಿ ಸೇರಿಕೆಗೂ ಅದನ್ನು ಬೇರೆಯಾಗಿ ಹಾಕುತ್ತಾ ಕೂರಬೇಕು.

ಗತ್ತನ್ನು 70 ಪರ್ಸೆಂಟ್ ವೇಗಕ್ಕೆ ಇಳಿಸಿದಾಗ ಇನ್ನೊಂದು ತೊಂದರೆ ಕಂಡಿತು. ಕೆಲವು ಏಟು ಎರಡೆರಡಾಗಿ ಕೇಳಿದವು. "ನಾನು ಹೊಡೆದದ್ದು ಒಂದೇ ಏಟು. ಇದರಲ್ಲಿ ಎರಡು ಬಿತ್ತಲ್ಲಮ್ಮ" ಅಂದರು ತಾತ. ಕಲಿಯುವ ಮಗು ಆ ಎರಡನೇ ಏಟನ್ನೂ ಕಲಿತುಬಿಡುತ್ತದೆ. ಅದು ಆಗಬಾರದು.

ಎಫ್‌ಎಲ್ ಸ್ಟುಡಿಯೋದ ಮೇಲೆ ಹೆಚ್ಚು ಹೊತ್ತು ಕಳೆಯಲಿಲ್ಲ. ಬೀಟ್ ಕಟ್ಟುವವರಿಗೆ, ರೀಮಿಕ್ಸ್ ಮಾಡುವ ಹುಡುಗರಿಗೆ ಅದು ನಿಜಕ್ಕೂ ಒಳ್ಳೆಯ ಸಾಧನ. ಅದರ ಶಕ್ತಿ ಇರುವುದು ಸಮನಾದ ಚೌಕಗಳಲ್ಲಿ ಏಟು ಕೂರಿಸುವುದರಲ್ಲಿ. ತಮಟೆಯವರ ಲಯ ಕ್ಲಿಕ್ ಕೇಳಿಕೊಂಡು ನಡೆಯುವುದಿಲ್ಲ. ನಿಧಾನಕ್ಕೆ ಹೊರಟು ಏರುತ್ತಾ ಹೋಗುತ್ತದೆ, ಆ ಏರಿಕೆಯೇ ಅದರ ಜೀವ. ಅದನ್ನು ಹಿಡಿದು ಚೌಕಕ್ಕೆ ಕೂರಿಸುವ ಯೋಚನೆಯೇ ನನಗೆ ಒಪ್ಪಿಗೆಯಾಗಲಿಲ್ಲ.

ಮೂರನೆಯದು ರೀಪರ್. ಹಾಡು ಕೇಳುವ ವಿನ್ಆಂಪ್ ಸಾಫ್ಟ್‌ವೇರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯದು. ಯಾವ ಸೌಲಭ್ಯವನ್ನೂ ಮುಚ್ಚಿಡದೆ 60 ದಿನ ಬಳಸಿ ನೋಡಲು ಬಿಡುತ್ತಾರೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ. ನನಗೆ ಅಲ್ಲಿ ಸಿಕ್ಕಿದ್ದು ಎರಡು ಕೀಲಿ. ಟ್ಯಾಬ್ ಒತ್ತಿದರೆ ಕರ್ಸರ್ ಮುಂದಿನ ಏಟಿನ ಮೊದಲ ತುದಿಗೆ ಹೋಗಿ ನಿಲ್ಲುತ್ತದೆ. ಎಸ್ ಒತ್ತಿದರೆ ಅಲ್ಲಿ ಸದ್ದು ಎರಡು ತುಂಡಾಗುತ್ತದೆ. ಕಣ್ಣಿಂದ ಅಲೆ ಹುಡುಕುವ ಕೆಲಸವೇ ಇಲ್ಲ, ಏಟಿನಿಂದ ಏಟಿಗೆ ಹೆಜ್ಜೆ ಹಾಕುತ್ತಾ ಹೋಗಬಹುದು. ಎರಡು ಮೈಕಿನ ಟ್ರ್ಯಾಕ್‌ಗಳನ್ನು ಗುಂಪು ಮಾಡಿಟ್ಟರೆ ಎರಡೂ ಒಟ್ಟಿಗೇ ತುಂಡಾಗುತ್ತವೆ, ಒಟ್ಟಿಗೇ ಸರಿಯುತ್ತವೆ. ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿದರೆ ಕ್ರಾಸ್‌ಫೇಡ್ ತಾನಾಗಿ ಬೀಳುತ್ತದೆ.

ಅಲ್ಲೂ ತಾತನ ಕಿವಿ ಒಂದು ವಿಷಯ ಹಿಡಿಯಿತು. "ಟಿಕ್ ಇಲ್ಲ. ಆದರೆ ಗತ್ತಿನ ಮೊದಲನೇ ಏಟು ಮೆತ್ತಗಾಯಿತು ಕಣಮ್ಮ." ನೋಡಿದರೆ, ತುಂಡಿನ ತುದಿಗೆ ತಾನಾಗಿ ಬೀಳುವ, ಸದ್ದನ್ನು ಮೆಲ್ಲಗೆ ಏರಿಸುವ ಫೇಡ್ 10 ಮಿಲಿಸೆಕೆಂಡ್ ಇತ್ತು. ಹಾಡಿಗೆ ಅಷ್ಟು ಇದ್ದರೆ ಯಾರಿಗೂ ತಿಳಿಯದು. ತಮಟೆಯ ಕಡ್ಡಿ ಚರ್ಮಕ್ಕೆ ತಾಗುವ ಚಟ್ ಅನ್ನುವ ಸದ್ದು ಬರುವುದು ಆ ಮೊದಲ ಕೆಲವೇ ಮಿಲಿಸೆಕೆಂಡ್‌ನಲ್ಲಿ. ಫೇಡ್ ಅದನ್ನೇ ನುಂಗಿತ್ತು. ಸೆಟ್ಟಿಂಗ್‌ನಲ್ಲಿ ಅದನ್ನು 2 ಮಿಲಿಸೆಕೆಂಡ್‌ಗೆ ಇಳಿಸಿ, ಏಟಿಗಿಂತ ಕೂದಲೆಳೆಯಷ್ಟು ಮುಂಚೆ ಕತ್ತರಿಸಿದೆ. ತಾತ ಕಣ್ಣು ಮುಚ್ಚಿ ಕೇಳಿದರು. ಬೆರಳು ನೆಲದ ಮೇಲೆ ಗತ್ತು ಹಾಕತೊಡಗಿತು. ಸುತ್ತು ಮೇಲೆ ಸುತ್ತು ಹೋಯಿತು, ಬೆರಳು ಎಲ್ಲೂ ತಡೆಯಲಿಲ್ಲ.

ನಿಧಾನ ಮಾಡಲು ರೀಪರ್‌ನಲ್ಲಿ ಎಲಾಸ್ತೀಕ್ ಪ್ರೋ ಅನ್ನುವ ವಿಧಾನ ಆರಿಸಿಕೊಂಡೆ. ಶ್ರುತಿ ಹಾಗೇ ಉಳಿಯಿತು, ಏಟು ಒಂದಾಗಿಯೇ ಕೇಳಿತು. ತಾತನ ಮಗ "ಇದು ಸಾಕು ಅಕ್ಕ, ಹುಡುಗರು ಇದರ ಜೊತೆಗೇ ಬಾರಿಸಬಹುದು" ಅಂದರು.

ಕೊನೆಗೆ ಒಂದು ಗತ್ತಿನಲ್ಲಿ ಮಾತ್ರ ಒಪ್ಪಿಗೆ ಸಿಗಲಿಲ್ಲ. ಬೆಳಗಿನ ಬಾರಿಕೆಯ ಮುಂಭಾಗವನ್ನೂ ಮಧ್ಯಾಹ್ನದ ಬಾರಿಕೆಯ ಹಿಂಭಾಗವನ್ನೂ ಸೇರಿಸಿದ್ದೆ. ಲಯ ಸರಿ, ಟಿಕ್ ಇಲ್ಲ, ಏಟೂ ಗಟ್ಟಿ. ಆದರೂ ತಾತ ತಲೆ ಅಲ್ಲಾಡಿಸಿದರು. "ಇದು ಆಗತಾನೇ ಕಾಯಿಸಿದ ತಮಟೆ. ಅದು ತಣ್ಣಗಾದದ್ದು. ಎರಡನ್ನೂ ಒಂದಕ್ಕೊಂದು ಹೊಲಿಯಬೇಡಮ್ಮ." ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ನಿಜ, ಸೇರಿಕೆಯ ಆಚೆಗೆ ಶ್ರುತಿ ಸ್ವಲ್ಪ ಇಳಿದಿತ್ತು. ಪಿಚ್ ಎತ್ತಿ ಸರಿದೂಗಿಸಲು ಸಾಫ್ಟ್‌ವೇರ್‌ನಲ್ಲಿ ದಾರಿ ಇದೆ. ಎತ್ತಿದರೆ ಶ್ರುತಿ ಕೂಡುತ್ತದೆ, ಕಾದ ಚರ್ಮದ ಬಿಗಿ ಬರುವುದಿಲ್ಲ. ಅದನ್ನು ಬಿಟ್ಟು ಒಂದೇ ಕಾವಿನಲ್ಲಿ ಬಾರಿಸಿದ ಭಾಗವನ್ನೇ ಹುಡುಕಿ ಹಾಕಿದೆ.

ರೀಪರ್‌ನ ಲೈಸೆನ್ಸ್ ಕೊಂಡೆ. ಅದರಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಕಡಿಮೆ ದುಡಿಯುವವರಿಗೆ 60 ಡಾಲರ್. ನಮ್ಮಂಥವರಿಗೆ ಅದು ಸಣ್ಣ ದುಡ್ಡಲ್ಲ, ಆದರೆ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಆಡಾಸಿಟಿಯನ್ನೂ ತೆಗೆದುಹಾಕಿಲ್ಲ. ಮಾತಿನ ರೆಕಾರ್ಡಿಂಗ್‌ನಲ್ಲಿ ಹಿನ್ನೆಲೆಯ ಗುಂಯ್ ಕಳೆಯಲು ಈಗಲೂ ಅದನ್ನೇ ತೆರೆಯುತ್ತೇನೆ. ತಂಡಕ್ಕೆ ಪೆನ್‌ಡ್ರೈವ್‌ನಲ್ಲಿ ವೇವ್ ಫೈಲ್ ಕೊಟ್ಟೆ, ಮಕ್ಕಳ ಮನೆಯ ಫೋನ್‌ಗಳಿಗೆ ಎಂಪಿ3 ಕಳಿಸಿದೆ.

ಮುಂದಿನ ಬೆಳೆಯ ಗೂಡು ಹೋದ ಮೇಲೆ ಉಳಿದ ಗತ್ತುಗಳ ರೆಕಾರ್ಡಿಂಗ್ ಇದೆ. ಈ ಸಲ ತಮಟೆ ಕಾಯಿಸಿ ತಂದಾಗಲೆಲ್ಲ ಮೊದಲು ಬಿಡಿಯಾಗಿ ಒಂದು ಏಟು ಹೊಡೆಸಿಕೊಳ್ಳುತ್ತೇನೆ. ಎಷ್ಟನೇ ಕಾವು ಅನ್ನುವುದನ್ನು ಫೈಲಿನ ಹೆಸರಿನಲ್ಲೇ ಬರೆಯುತ್ತೇನೆ. ಆಗ ಯಾವ ತುಂಡು ಯಾವುದಕ್ಕೆ ಕೂಡುತ್ತದೆ ಅನ್ನುವುದು ಕತ್ತರಿಸುವ ಮೊದಲೇ ಗೊತ್ತಿರುತ್ತದೆ.