“ಯಾವ ಟೆಕ್ನಾಲಜಿ ತಂದರೆ ನಮ್ಮ ಕಂಪನಿಯಲ್ಲಿ ಹೊಸತನ ಬರುತ್ತೆ?” – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತು ಜನರ ಮೆಷಿನ್ ಶಾಪ್ ನಡೆಸುವವರೂ ಬೊಮ್ಮಸಂದ್ರದಲ್ಲಿ ಮುನ್ನೂರು ಜನರ ಕಾರ್ಖಾನೆ ಇಟ್ಟವರೂ ಕೇಳುವುದು ಇದನ್ನೇ. ಕ್ಯಾಮೆರಾ ಹಾಕಿಸಬೇಕಾ, ಮೆಷಿನ್‌ಗೆ ಸೆನ್ಸರ್ ಕೂರಿಸಬೇಕಾ, ಎಐ ತರಬೇಕಾ? ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: “ನಮ್ಮ ಹುಡುಗರು ಹೇಳಿದಷ್ಟು ಮಾಡ್ತಾರೆ ಸಾರ್, ತಾವಾಗಿ ಏನೂ ಯೋಚನೆ ಮಾಡಲ್ಲ.”

ಆ ಎರಡನೇ ಮಾತು ಸರಿಯಲ್ಲ. ಹಾಗಾಗಿ ಮೊದಲ ಪ್ರಶ್ನೆಯೂ ಸ್ವಲ್ಪ ಅವಸರದ್ದೇ. ದಿನಕ್ಕೆ ಇನ್ನೂರು ಸಲ ಒಂದೇ ಪಾರ್ಟನ್ನು ಚಕ್‌ಗೆ (ಮೆಷಿನ್ನಿನಲ್ಲಿ ಪಾರ್ಟ್ ಹಿಡಿದಿಡುವ ಭಾಗ) ಕಟ್ಟಿ ಬಿಚ್ಚುವವನಿಗೆ ಎಲ್ಲಿ ಕೈ ನೋಯುತ್ತದೆ, ಎಲ್ಲಿ ಲೋಹದ ಚೂರು (ಚಿಪ್ಸ್) ಸಿಕ್ಕಿಕೊಳ್ಳುತ್ತದೆ, ಲೋಹ ಕತ್ತರಿಸುವ ಯಾವ ಇನ್ಸರ್ಟ್ ಎಷ್ಟು ಪೀಸ್‌ಗೆ ಕೈಕೊಡುತ್ತದೆ ಎಂಬುದೆಲ್ಲ ಗೊತ್ತು. ಅವನು ಒಂದೆರಡು ಸಲ ಹೇಳಿಯೂ ಇರುತ್ತಾನೆ. ಆಗ ಸಿಕ್ಕ ಉತ್ತರ “ನೋಡೋಣ”. ನಮ್ಮ ಕಡೆ “ನೋಡೋಣ” ಅಂದರೆ “ಇಲ್ಲ” ಅಂತಲೇ ಅರ್ಥ. ಮುಖ ಮುರಿಯದ ಹಾಗೆ ಹೇಳುವ ರೀತಿ ಅಷ್ಟೆ. ಎರಡು ಸಲ “ನೋಡೋಣ” ಕೇಳಿಸಿಕೊಂಡವನು ಮೂರನೇ ಸಲ ಬಾಯಿ ಬಿಡುವುದಿಲ್ಲ.

ಆದ್ದರಿಂದ ಮೊದಲು ಸರಿಹೋಗಬೇಕಾದದ್ದು ಉತ್ತರ ಕೊಡುವ ಪದ್ಧತಿ. ಗೇಟಿನ ಹತ್ತಿರ ನೇತುಹಾಕಿದ ಸಲಹಾ ಪೆಟ್ಟಿಗೆಯಿಂದ ಇದು ಆಗುವುದಿಲ್ಲ. ಅದರ ಬೀಗದ ಕೈ ಎಚ್ಆರ್ ಬಳಿ, ತೆಗೆಯುವುದು ಮೂರು ತಿಂಗಳಿಗೊಮ್ಮೆ. ಒಳಗಿನ ಫಾರಂ ಇಂಗ್ಲಿಷಿನಲ್ಲಿ. ಸಮಸ್ಯೆಯ ಮೂಲ ಕಾರಣ ಬರೆಯಿರಿ, ಎಷ್ಟು ಉಳಿತಾಯ ಲೆಕ್ಕ ಕೊಡಿ ಎಂದು ಆರು ಕಾಲಂ. ತುಮಕೂರು, ರಾಯಚೂರು, ಒಡಿಶಾ, ಬಿಹಾರದಿಂದ ಬಂದವರು ಒಟ್ಟಿಗೆ ದುಡಿಯುವ ಜಾಗದಲ್ಲಿ ಆ ಫಾರಂ ಯಾರಿಗೆ? ಅದರ ಬದಲು ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು, ಯಾವ ಭಾಷೆಯಾದರೂ ಸರಿ, ಜೊತೆಗೊಂದು ಫೋಟೋ. ಅದನ್ನು ಸೂಪರ್‌ವೈಸರ್ ಅವತ್ತೇ ಶಾಪ್ ಫ್ಲೋರಿನ ಬಿಳಿ ಬೋರ್ಡಿಗೆ ಏರಿಸಬೇಕು. ಬೋರ್ಡಿನಲ್ಲಿ ನಾಲ್ಕೇ ಕಾಲಂ: ಹೆಸರು, ಏನು ಹೇಳಿದ್ದು, ಉತ್ತರ ಕೊಡಬೇಕಾದ ತಾರೀಖು, ಉತ್ತರ. ತಾರೀಖು ಮೂರು ಕೆಲಸದ ದಿನ ಮೀರಬಾರದು. ಉತ್ತರವೂ ಮೂರೇ ಬಗೆ: “ಮಾಡೋಣ”, “ಇಂಥ ದಿನ ಟ್ರಯಲ್ ನೋಡೋಣ”, “ಆಗಲ್ಲ, ಕಾರಣ ಇದು”. ತಾರೀಖಿಲ್ಲದ “ನೋಡೋಣ”ಕ್ಕೆ ಬೋರ್ಡಿನಲ್ಲಿ ಜಾಗವಿಲ್ಲ. “ಆಗಲ್ಲ” ಅನ್ನಿಸಿಕೊಂಡವನು ಬೇಜಾರಾಗುತ್ತಾನೆ ಎಂಬ ಭಯ ಬೇಡ. ಕಾರಣ ಹೇಳಿದರೆ ಮುಂದಿನ ಸಲ ಅವನ ಸಲಹೆ ಇನ್ನಷ್ಟು ಹದವಾಗಿ ಬರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಬಿಡದಿಯಲ್ಲಿ ಕಾರು ಕಟ್ಟುವ ಟೊಯೋಟಾ, ಜಪಾನಿನಲ್ಲಿ ಕಾರ್ಮಿಕರ ಸಲಹಾ ಪದ್ಧತಿಯನ್ನು 1951ರಲ್ಲೇ ಶುರು ಮಾಡಿತ್ತು.

ಉತ್ತರದ ಜೊತೆಗೆ ದುಡ್ಡು ಖರ್ಚು ಮಾಡುವ ಅಧಿಕಾರವೂ ಕೆಳಗಿಳಿಯಬೇಕು. ₹800ರ ನೈಲಾನ್ ಬ್ಲಾಕಿಗೂ ಮಾಲೀಕರ ಸಹಿ ಬೇಕು ಅಂದರೆ ಮೂರು ದಿನದ ಗಡುವು ಬೋರ್ಡಿನ ಮೇಲಷ್ಟೇ ಇರುತ್ತದೆ. ಸಣ್ಣ ಕಾರ್ಖಾನೆಯಾದರೆ ಒಂದು ಟ್ರಯಲ್‌ಗೆ ₹5,000ದವರೆಗೆ ಸೂಪರ್‌ವೈಸರ್, ₹25,000ದವರೆಗೆ ಪ್ರೊಡಕ್ಷನ್ ಮ್ಯಾನೇಜರ್ ತಾವೇ ತೀರ್ಮಾನಿಸಲಿ. ಪರ್ಚೇಸ್‌ನಲ್ಲಿ ಮೂರು ಕೊಟೇಷನ್ ಕೇಳುವ ನಿಯಮ ಈ ಮೊತ್ತಕ್ಕೆ ಅನ್ವಯಿಸದಿರಲಿ. ತಿಂಗಳಿಗೆ ಒಟ್ಟು ಮಿತಿ ಇಟ್ಟರೆ ಕೈಮೀರುವ ಭಯವೂ ಇಲ್ಲ.

ಇಷ್ಟು ಮಾಡಿಯೂ ಆರು ತಿಂಗಳಲ್ಲಿ ಎಲ್ಲ ನಿಂತುಹೋಗುವ ಕಂಪನಿಗಳಿವೆ. ಕಾರಣ ಹುಡುಕಿದರೆ ಬಹಳ ಸಲ ಒಂದೇ ಸಿಗುತ್ತದೆ: ಟಾರ್ಗೆಟ್. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಟರ್ನಿಂಗ್ (ಲೋಹವನ್ನು ತಿರುಗಿಸುತ್ತ ಕೆತ್ತುವ) ಕೆಲಸಕ್ಕೆ ಪೀಸಿಗೆ 120 ಸೆಕೆಂಡ್. ಊಟ, ಟೀ ಕಳೆದು ಶಿಫ್ಟಿನಲ್ಲಿ 7 ಗಂಟೆ ಮೆಷಿನ್ ಓಡಿದರೆ 210 ಪೀಸ್. ಆಪರೇಟರ್ ಒಬ್ಬ, ಪಾರ್ಟ್ ತಾನಾಗಿ ಜಾಗಕ್ಕೆ ಕೂರುವಂತೆ ಒಂದು ಸ್ಟಾಪರ್ ಹಾಕಿಸಿ ಅಂದ. ಹಾಕಿದ್ದಕ್ಕೆ 15 ಸೆಕೆಂಡ್ ಉಳಿಯಿತು. 105 ಸೆಕೆಂಡಿಗೊಂದು ಅಂದರೆ ಶಿಫ್ಟಿಗೆ 240 ಪೀಸ್. ಮಾಲೀಕರು ಚಪ್ಪಾಳೆ ತಟ್ಟಿ, ಒಂದು ಸ್ಟೀಲ್ ಡಬ್ಬಿ ಬಹುಮಾನ ಕೊಟ್ಟು, ಮುಂದಿನ ಸೋಮವಾರ ಟಾರ್ಗೆಟ್ 240 ಮಾಡುತ್ತಾರೆ. ಅವನಿಗೆ ಸಿಕ್ಕಿದ್ದೇನು? ಅದೇ ಸಂಬಳಕ್ಕೆ ದಿನಕ್ಕೆ 30 ಪೀಸ್ ಜಾಸ್ತಿ ಎತ್ತುವ ಕೆಲಸ. ಪಕ್ಕದ ಮೆಷಿನ್ನಿನವನು ಇದನ್ನು ನೋಡುತ್ತಿರುತ್ತಾನೆ. ರಾತ್ರಿ ಪಾಳಿಯವರು ಬಂದು “ನಿನ್ನಿಂದ ನಮಗೂ ಏರಿತಲ್ಲೋ” ಅನ್ನುತ್ತಾರೆ. ಅವತ್ತಿಗೆ ಆ ಫ್ಲೋರಿನಲ್ಲಿ ಹೊಸತನಕ್ಕೆ ಎಳ್ಳುನೀರು ಬಿಟ್ಟ ಹಾಗೆ.

ಇದಕ್ಕೆ ಒಂದು ಲಿಖಿತ ನಿಯಮ ಬೇಕು, ನೋಟಿಸ್ ಬೋರ್ಡಿನಲ್ಲಿ, ಕನ್ನಡದಲ್ಲಿ. ಕಾರ್ಮಿಕರ ಸಲಹೆಯಿಂದ ಉಳಿದ ಸಮಯಕ್ಕೆ ಮೂರು ತಿಂಗಳು ಟಾರ್ಗೆಟ್ ಏರಿಸುವುದಿಲ್ಲ. ಆಮೇಲೂ ಉಳಿತಾಯದ ಅರ್ಧದಷ್ಟೇ ಏರಿಕೆ: ಮೇಲಿನ ಉದಾಹರಣೆಯಲ್ಲಿ 225. ಮಿಕ್ಕ ಹೊತ್ತು ಗೇಜ್ ಹಾಕಿ ಅಳೆಯಲು, ಮೆಷಿನ್ ಒರೆಸಲು, ಮುಂದಿನ ಸೆಟಪ್‌ಗೆ, ಅಂದರೆ ಬೇರೆ ಪಾರ್ಟಿಗೆ ಮೆಷಿನ್ ಅಣಿಮಾಡುವುದಕ್ಕೆ, ತಯಾರಿ ಮಾಡಿಕೊಳ್ಳಲು. ಪೀಸ್ ರೇಟ್ ಇರುವ ಕಡೆ ರೇಟ್ ಇಳಿಸುವುದಿಲ್ಲ ಎಂದೂ ಅದೇ ಕಾಗದದಲ್ಲಿ ಇರಲಿ. ಕಾಂಟ್ರಾಕ್ಟ್ ಕಾರ್ಮಿಕರಿಗೂ ಇದು ಅನ್ವಯ ಎಂದು ಬಿಡಿಸಿ ಬರೆಯಿರಿ, ಯಾಕೆಂದರೆ ಎಷ್ಟೋ ಕಡೆ ಫ್ಲೋರಿನಲ್ಲಿ ಹೆಚ್ಚು ಜನ ಅವರೇ. ಅವರ ಹೆಸರು ಬೋರ್ಡಿನ ಮೇಲೆ ಬರದಿದ್ದರೆ ಅರ್ಧಕ್ಕರ್ಧ ತಲೆಗಳನ್ನು ಗೇಟಿನ ಹೊರಗೆ ಬಿಟ್ಟ ಹಾಗಾಯಿತು. ಉಳಿತಾಯದಲ್ಲಿ ಇಷ್ಟು ಶೇಕಡ ನಿನಗೆ ಎಂಬ ದೊಡ್ಡ ಬಹುಮಾನ ನನಗೆ ಸರಿ ಕಾಣುವುದಿಲ್ಲ. ಮೊದಲು ಹೇಳಿದ್ದು ಯಾರು ಎಂಬ ಜಗಳ ಶುರುವಾಗುತ್ತದೆ, ಜನ ಯೋಚನೆಯನ್ನು ಬಚ್ಚಿಡುತ್ತಾರೆ. ಜಾರಿಯಾದ ಪ್ರತಿ ಸಲಹೆಗೂ ಒಂದೇ ಸಣ್ಣ ಮೊತ್ತ, ಅದೇ ವಾರ ಕೈಗೆ – ಇದು ಜಗಳವಿಲ್ಲದೆ ನಡೆಯುತ್ತದೆ.

ಹೆದರುವವರು ಕಾರ್ಮಿಕರಷ್ಟೇ ಅಲ್ಲ, ಸೂಪರ್‌ವೈಸರ್ ಕೂಡ. ಒಳ್ಳೆಯ ಸಲಹೆ ಬಂದಾಗ ಮಾಲೀಕರ ಬಾಯಿಂದ ತಕ್ಷಣ ಬರುವ ಮಾತು: “ಇಷ್ಟು ವರ್ಷ ನೀವೇನು ಮಾಡ್ತಿದ್ರಿ?” ಈ ಒಂದು ವಾಕ್ಯ ಸಾಕು, ಮುಂದಿನ ಸಲಹೆ ಸೂಪರ್‌ವೈಸರ್ ಮೇಜಿನ ಡ್ರಾಯರ್ ದಾಟುವುದಿಲ್ಲ. ಅವರ ವಿಭಾಗದಿಂದ ಎಷ್ಟು ಸಲಹೆ ಬಂತು, ಎಷ್ಟಕ್ಕೆ ಗಡುವಿನೊಳಗೆ ಉತ್ತರ ಹೋಯಿತು ಎಂಬುದನ್ನು ಅವರ ಸಾಧನೆ ಎಂದು ಲೆಕ್ಕಕ್ಕೆ ಹಿಡಿದರೆ ಮಾತ್ರ ಈ ಭಯ ಕರಗುತ್ತದೆ.

ಹಾಗಾದರೆ ನಾಯಕರ ಕೆಲಸ ಉತ್ತರ ಕೊಡುವುದಷ್ಟೇನಾ? ಅಲ್ಲ. ಪ್ರಶ್ನೆಯನ್ನು ಬಿಗಿಯಾಗಿ ಕಟ್ಟಿಕೊಡುವುದು ಅವರದೇ ಕೆಲಸ. “ಏನಾದರೂ ಹೊಸದು ಮಾಡಿ” ಎಂಬ ಭಾಷಣದಿಂದ ಏನೂ ಹುಟ್ಟುವುದಿಲ್ಲ. ಬೆಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಅಮೆರಿಕದ ಜಿಇ ಕಂಪನಿಯ ಇಲ್ಲಿನ ತಂಡ ಮ್ಯಾಕ್ 400 ಎಂಬ ಇಸಿಜಿ ಯಂತ್ರ ರೂಪಿಸುವಾಗ ಬೇಕಾಗಿದ್ದದ್ದು ಹಳ್ಳಿಯ ಡಾಕ್ಟರು ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಹಗುರ, ಕರೆಂಟಿಲ್ಲದ ಕಡೆ ಬ್ಯಾಟರಿ ಮೇಲೆ ಓಡುವ, ಕಡಿಮೆ ಬೆಲೆಯ ಯಂತ್ರ. ದೊಡ್ಡ ಪ್ರಿಂಟರ್ ಅದರಲ್ಲಿ ಹಿಡಿಸುವುದಿಲ್ಲ. ತಂಡ ತಂದು ಕೂರಿಸಿದ್ದು ಬಸ್ಸಿನ ಟಿಕೆಟ್ ಮುದ್ರಿಸುವ ಯಂತ್ರದಲ್ಲಿ ಇರುವಂಥ ಪುಟ್ಟ ಪ್ರಿಂಟರನ್ನು. ಧೂಳು, ಕುಲುಕಾಟ, ಬಿಸಿಲು ಎಲ್ಲ ತಡೆದುಕೊಂಡು ಊರೂರು ಸುತ್ತುವ ಸಾಮಾನು ಅದು. ಮಿತಿ ಅಷ್ಟು ಬಿಗಿಯಾಗಿರದಿದ್ದರೆ ಯಾರೂ ಅತ್ತ ನೋಡುತ್ತಿರಲಿಲ್ಲ. ಟೈಟನ್ 2002ರಲ್ಲಿ ತಂದ ಎಡ್ಜ್ ಗಡಿಯಾರವೂ ಹೀಗೇ: ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್, ಅದರ ಮೇಲೆ ನೀರು ಒಳಹೋಗಬಾರದು. ನಿಮ್ಮ ಶಾಪಿಗೆ ಇದನ್ನು ಇಳಿಸಿದರೆ ಹೀಗಿರುತ್ತದೆ: “ಈ ಪಾರ್ಟಿನ ಸೆಟಪ್ ಈಗ 90 ನಿಮಿಷ. 45ಕ್ಕೆ ಬರಬೇಕು. ಖರ್ಚು ₹20,000 ದಾಟಬಾರದು. ಆಯುಧಪೂಜೆಯ ಒಳಗೆ.” ಆಗ ಹುಡುಗರು ಒಂದು ಸೆಟಪ್ಪನ್ನು ಮೊಬೈಲಿನಲ್ಲಿ ಪೂರ್ತಿ ವಿಡಿಯೋ ಮಾಡುತ್ತಾರೆ. ಮೆಷಿನ್ ನಿಂತಿದ್ದಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಬಹುದಾದದ್ದು ಯಾವುದು ಎಂದು ಬೇರ್ಪಡಿಸುತ್ತಾರೆ. ಚಕ್‌ನ ಹಿಡಿಗಳು (ಜಾ), ಟೂಲ್, ಗೇಜ್, ಡ್ರಾಯಿಂಗ್ ಹುಡುಕಿಕೊಂಡು ಓಡಾಡಿದ ಹೊತ್ತೆಲ್ಲ ವಿಡಿಯೋದಲ್ಲಿ ಎದ್ದು ಕಾಣುತ್ತದೆ. ಅವನ್ನೆಲ್ಲ ಮುಂಚೆಯೇ ಜೋಡಿಸಿಟ್ಟ ಒಂದು ಟ್ರಾಲಿ ಮೆಷಿನ್ ಪಕ್ಕಕ್ಕೆ ಬಂದರೆ ಅದೇ ಮೊದಲ ದೊಡ್ಡ ಉಳಿತಾಯ.

ಟ್ರಯಲ್ ಮಾಡುವಾಗ ಎರಡು ಕಡೆ ಎಡವುವುದುಂಟು. ವಾಹನ ಅಥವಾ ವಿಮಾನದ ಬಿಡಿಭಾಗ ಮಾಡುವವರು ಗ್ರಾಹಕ ಕಂಪನಿಯ ಒಪ್ಪಿಗೆಯಿಲ್ಲದೆ ಪ್ರೊಸೆಸ್ ಬದಲಿಸುವಂತಿಲ್ಲ. “ಬರೀ ಕೂಲೆಂಟ್ ತಾನೇ” ಎಂದು ತಣಿಸುವ ಆ ದ್ರವವನ್ನು ಬದಲಿಸಿ ಮಾಲು ಕಳಿಸಿಬಿಟ್ಟರೆ, ಆಮೇಲೆ ತುಕ್ಕು ಹಿಡಿದ ಒಂದು ಪಾರ್ಟಿಗೆ ಇಡೀ ಲಾಟ್ ವಾಪಸ್ ಬರಬಹುದು. ಟ್ರಯಲ್ ಪೀಸ್‌ಗಳಿಗೆ ಬೇರೆ ಬಣ್ಣದ ಟ್ಯಾಗ್, ಬೇರೆ ಬಿನ್, ಒಪ್ಪಿಗೆ ಬರುವವರೆಗೆ ಡಿಸ್ಪ್ಯಾಚ್ ಇಲ್ಲ. ಇನ್ನೊಂದು, ಸೋತ ಟ್ರಯಲ್ಲನ್ನು ಮುಚ್ಚಿಡುವುದು. ಇದಕ್ಕೆ ಇಸ್ರೋ ಹಿಡಿದ ದಾರಿ ನೋಡಿ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಅಪ್ಪಳಿಸಿತು. ಚಂದ್ರಯಾನ-3ರಲ್ಲಿ ಏನೇನು ಕೆಡಬಹುದು ಎಂಬುದರಿಂದಲೇ ವಿನ್ಯಾಸ ಶುರುವಾಯಿತು. ಐದು ಎಂಜಿನ್ ನಾಲ್ಕಾಯಿತು, ಕಾಲುಗಳು ಗಟ್ಟಿಯಾದವು, ಇಳಿಯಲು ಗುರುತಿಸಿದ ಜಾಗ 500 ಮೀಟರ್ ಚೌಕದಿಂದ ಕಿಲೋಮೀಟರುಗಳಷ್ಟು ಅಗಲವಾಯಿತು. 2023ರ ಆಗಸ್ಟ್ 23ರಂದು ಅದು ಇಳಿಯಿತು. ನಿಮ್ಮ ಟ್ರಯಲ್‌ಗೆ ಮುಂಚೆ ಇಪ್ಪತ್ತು ನಿಮಿಷ ಕೂತು ಅದನ್ನೇ ಕೇಳಿ: “ಇದು ಕೆಟ್ಟುಹೋಯಿತು ಅಂತಲೇ ಇಟ್ಟುಕೊಳ್ಳಿ, ಯಾಕೆ ಕೆಟ್ಟಿತು?” ಎಲ್ಲರೂ ಚೀಟಿಯಲ್ಲಿ ಬರೆಯಲಿ. ಎಲ್ಲರಿಗಿಂತ ಚಿಕ್ಕವರು ಮೊದಲು ಓದಲಿ, ಮಾಲೀಕರು ಕೊನೆಗೆ. ದೊಡ್ಡವರು ಮೊದಲು ಮಾತಾಡಿದರೆ ಉಳಿದವರ ಚೀಟಿಯಲ್ಲಿರುವುದು ಅಲ್ಲೇ ಉಳಿಯುತ್ತದೆ.

ಸಾಫ್ಟ್‌ವೇರ್ ಕಂಪನಿಗಳ ಕಾಯಿಲೆ ಇದಕ್ಕಿಂತ ಬೇರೆಯಲ್ಲ, ಹೆಸರು ಬೇರೆ. ಅಲ್ಲಿ ಸಲಹಾ ಪೆಟ್ಟಿಗೆಯ ಜಾಗದಲ್ಲಿ ಹ್ಯಾಕಥಾನ್, ಅಂದರೆ ಒಂದೆರಡು ದಿನ ಕೂತು ಹೊಸ ಯೋಚನೆಗೆ ಸಾಫ್ಟ್‌ವೇರ್ ಮಾಡಿ ತೋರಿಸುವ ಸ್ಪರ್ಧೆ. ಶನಿವಾರ ಬಹುಮಾನ ಕೊಟ್ಟಾಯಿತು, ಸೋಮವಾರ ನೋಡಿದರೆ ಸ್ಪ್ರಿಂಟ್ (ಕೆಲವು ವಾರಗಳ ಕೆಲಸದ ಕಂತು) ಭರ್ತಿ, ಗೆದ್ದ ಯೋಚನೆಗೆ ವಾರಸುದಾರರಿಲ್ಲ. ಗೆದ್ದವರಿಗೆ ಮುಂದಿನ ಎರಡು ಸ್ಪ್ರಿಂಟ್ ಬಿಡುವು ಎಂದು ಮುಂಚೆಯೇ ತೀರ್ಮಾನಿಸಿ, ಅವರ ಮಾಮೂಲಿ ಕೆಲಸ ಯಾರಿಗೆ ಎಂಬುದನ್ನೂ ಬರೆದಿಟ್ಟು ಆಮೇಲೆ ಹ್ಯಾಕಥಾನ್ ಮಾಡಿ.

ಈಗ ಟೆಕ್ನಾಲಜಿ. ಹೆಚ್ಚು ಜನ ಕೇಳುವುದು ಎಐ ಕ್ಯಾಮೆರಾ ಇನ್ಸ್ಪೆಕ್ಷನ್ ಬಗ್ಗೆ. “ಶೇ 95 ನಿಖರ” ಎಂದು ಮಾರುವವರು ಹೇಳುತ್ತಾರೆ. ಶಿಫ್ಟಿಗೆ 1,000 ಪೀಸ್, ಅದರಲ್ಲಿ 20 ಕೆಟ್ಟವು ಎಂದಿಟ್ಟುಕೊಳ್ಳಿ. ಕ್ಯಾಮೆರಾ ಕೆಟ್ಟದ್ದರಲ್ಲಿ ಶೇ 95 ಹಿಡಿದರೆ 19 ಸಿಕ್ಕವು, ಒಂದು ಗ್ರಾಹಕರ ಬಳಿಗೆ ಹೋಯಿತು. ಒಳ್ಳೆಯ 980ರಲ್ಲಿ ಬರೀ ಶೇ 3ನ್ನು ತಪ್ಪಾಗಿ ಕೆಟ್ಟದ್ದೆಂದರೂ 29 ಪೀಸ್. ಅಂದರೆ ಕೆಂಪು ಬಿನ್ನಿನಲ್ಲಿ ಬಿದ್ದ 48ರಲ್ಲಿ 29 ಒಳ್ಳೆಯವೇ. ಎರಡು ದಿನ ಇದನ್ನು ನೋಡಿದ ಇನ್ಸ್ಪೆಕ್ಟರ್ ಮೂರನೇ ದಿನದಿಂದ ಕೆಂಪು ದೀಪವನ್ನು ನಂಬುವುದಿಲ್ಲ. ಹಾಗಾಗಿ ಮಾರುವವರನ್ನು ಎರಡು ಅಂಕಿ ಕೇಳಿ: ಕೆಟ್ಟದ್ದು ಎಷ್ಟು ತಪ್ಪಿಸಿಕೊಳ್ಳುತ್ತದೆ, ಒಳ್ಳೆಯದು ಎಷ್ಟು ತಿರಸ್ಕಾರವಾಗುತ್ತದೆ. ಎರಡನ್ನೂ ನಿಮ್ಮದೇ ಪಾರ್ಟ್ ಮೇಲೆ, ಎಣ್ಣೆ ಮೆತ್ತಿದ ಸ್ಥಿತಿಯಲ್ಲೇ ತೋರಿಸಲಿ. ಇಂಥ ವ್ಯವಸ್ಥೆ ಕೆಡುವುದು ಸಾಫ್ಟ್‌ವೇರಿನಿಂದ ಕಡಿಮೆ, ಬೆಳಕಿನಿಂದ ಹೆಚ್ಚು. ಹೊಳೆಯುವ ಲೋಹದ ಮೇಲೆ ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದರೆ ಗೀರು ಮಾಯವಾಗುತ್ತದೆ, ಇಲ್ಲದ ಗೀರು ಕಾಣುತ್ತದೆ. ಸುತ್ತ ಮುಚ್ಚಿದ ಪೆಟ್ಟಿಗೆ, ಒಳಗೆ ಸ್ಥಿರವಾದ ಬೆಳಕು ಕಡ್ಡಾಯ. ಎರಡು ವಾರ ಮನುಷ್ಯ, ಕ್ಯಾಮೆರಾ ಎರಡೂ ಒಟ್ಟಿಗೆ ನಡೆಯಲಿ, ಭಿನ್ನಾಭಿಪ್ರಾಯ ಬಂದ ಪ್ರತಿ ಪೀಸನ್ನೂ ಎತ್ತಿಡಿ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕ್ಯಾಮೆರಾಗೆ ಕಲಿಸುವವರು ನಿಮ್ಮ ಹಳೆಯ ಇನ್ಸ್ಪೆಕ್ಟರೇ ಆಗಿರಲಿ. ಕೆಲಸ ಹೋಗುತ್ತದೆ ಎಂಬ ಅವರ ಆತಂಕಕ್ಕೆ ಮುಂಚೆಯೇ ನೇರ ಉತ್ತರ ಕೊಟ್ಟಿರಬೇಕು.

ಕೊಳ್ಳುವ ಮುಂಚೆ ಕಣ್ಣಾರೆ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐಯಲ್ಲಿ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಸ್ಮಾರ್ಟ್ ಉತ್ಪಾದನೆಯ ಪ್ರಾತ್ಯಕ್ಷಿಕೆ ಘಟಕವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಕೇಂದ್ರವಿದೆ. ಹೋಗುವಾಗ ಬರಿಗೈಲಿ ಹೋಗಬೇಡಿ. ಮೂರು ತಿಂಗಳ ರಿಜೆಕ್ಷನ್ ಲೆಕ್ಕ, ಕೆಟ್ಟ ಪೀಸ್‌ಗಳ ಒಂದು ಡಬ್ಬಿ, ಅವನ್ನು ದಿನವೂ ನೋಡುವ ಒಬ್ಬ ಆಪರೇಟರ್ ಜೊತೆಗಿರಲಿ.

ಬೋರ್ಡ್ ಹಾಕಿದ ಮೊದಲ ತಿಂಗಳು ಬರುವ ಸಲಹೆಗಳನ್ನು ನೋಡಿ ಮಾಲೀಕರಿಗೆ ನಿರಾಸೆಯಾಗುವುದು ಸಾಮಾನ್ಯ. ಮೂರನೇ ಮೆಷಿನ್ ಹತ್ತಿರ ಫ್ಯಾನ್ ತಿರುಗಲ್ಲ, ಕುಡಿಯುವ ನೀರು ಬಿಸಿ, ಟಾಯ್ಲೆಟ್ ಚಿಲಕ ಮುರಿದಿದೆ, ಸೇಫ್ಟಿ ಶೂ ಕಚ್ಚುತ್ತದೆ. “ಇದೇನಾ ಇನ್ನೋವೇಷನ್?” ಎಂದು ಕೇಳುತ್ತಾರೆ. ಅವನ್ನೇ ಮೊದಲು, ಅದೇ ಮೂರು ದಿನದ ಗಡುವಿನಲ್ಲಿ ಸರಿಮಾಡಿ. ಬೋರ್ಡನ್ನು ನಿಜವಾಗಿ ಯಾರಾದರೂ ಓದುತ್ತಾರಾ ಎಂದು ಅವರು ಪರೀಕ್ಷಿಸುತ್ತಿದ್ದಾರೆ. ಚಿಲಕ ರಿಪೇರಿಯಾದ ಮೇಲೆ ಸ್ಟಾಪರ್ ಮಾತು ಬರುತ್ತದೆ.