ಕರೆಂಟು ಹೋದ ಮೇಲೆ ಸಿಕ್ಕ ಬಗ್

ನಾನು ಕೆಲಸ ಮಾಡುವುದು ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯಿಂದ. ಕಂಪನಿ ಇರುವುದು ಬೇರೆ ಊರಲ್ಲಿ. ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಕಂಪ್ಯೂಟರ್" ಅಂದು ಸುಮ್ಮನಾಗುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬಹುದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ಒಂದು ಪ್ರೊಸೆಸರ್‌ಗೆ ಬೇಕಾದ ಕೋಡ್ ಬರೆಯುತ್ತೇನೆ. ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಕೋರ್‌ಗಳನ್ನು ಎಬ್ಬಿಸುವುದು, ಕೆಲಸ ಇಲ್ಲದಾಗ ಮಲಗಿಸುವುದು, ವೇಗ ಏರಿಸಿ ಇಳಿಸುವುದು, ಇಂಥವು.

ಜೂನ್ ತಿಂಗಳು. ಮೂರು ದಿನದಿಂದ ಬಿಡದ ಮಳೆ. ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಕೊಡಗಿನಲ್ಲಿ ಇದೇನೂ ಸುದ್ದಿ ಅಲ್ಲ. ನನ್ನ ಮೇಜಿನ ಮೇಲೆ ನಾಲ್ಕು ಕೋರ್‌ನ ಒಂದು ಟೆಸ್ಟ್ ಬೋರ್ಡ್ ಇದೆ, ಬ್ಯಾಟರಿ ಇಳಿದಾಗ ತಾನೇ ಸಸ್ಪೆಂಡ್ ಆಗುವ, ಅಂದರೆ ನಿದ್ದೆಗೆ ಹೋಗುವ ಹಾಗೆ ಇಟ್ಟಿದ್ದೇನೆ. ಅವತ್ತು ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಎರಡು ಸಲ ಬೋರ್ಡ್ ಸರಿಯಾಗಿ ಮಲಗಿತು, ಎದ್ದಿತು. ಮೂರನೇ ಸಲ ಮಲಗಲು ಹೋಗಿ ಕ್ರ್ಯಾಶ್ ಆಯಿತು. ಲಾಗ್‌ನಲ್ಲಿ ನಾನೇ ಎರಡು ತಿಂಗಳ ಹಿಂದೆ ಬರೆದ ಫಂಕ್ಷನ್‌ನ ಹೆಸರು!

ಆಫೀಸಿನಲ್ಲಿ ಅದೇ ಕೋಡ್ ಒಂದು ರ‍್ಯಾಕ್ ತುಂಬ ಬೋರ್ಡ್‌ಗಳ ಮೇಲೆ ಆರಾಮಾಗಿ ಓಡುತ್ತಿತ್ತು. ನನ್ನ ಬೋರ್ಡ್‌ಗೇ ಏನೋ ಆಗಿದೆ ಅಂತ ಮೊದಲು ಅಂದುಕೊಂಡೆ. ಅರ್ಧ ದಿನ ಅಲ್ಲೇ ಹಾಳಾಯಿತು.

ಬೋರ್ಡ್ ಶುರುವಾಗುವಾಗ ಬರೆದಿಡುವ ಬೂಟ್ ಲಾಗ್ ಮೇಲಿಂದ ಓದಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. "ಇನಿಟ್ ಫೇಲ್ ಆಯಿತು". ಅಷ್ಟೇ. ಯಾವ ಹೆಜ್ಜೆ, ಯಾವ ಎರರ್ ನಂಬರ್, ಏನೂ ಇಲ್ಲ. ಆ ಸಾಲನ್ನು ಬರೆದವನೂ ನಾನೇ.

ಆ ಇನಿಟ್ ಫಂಕ್ಷನ್, ಅಂದರೆ ಬೂಟ್‌ನಲ್ಲಿ ನನ್ನ ಕೋಡನ್ನು ಸಜ್ಜು ಮಾಡುವ ಭಾಗ, ಮೂರು ಕೆಲಸ ಮಾಡುತ್ತದೆ. ಮೊದಲು ಪ್ರತಿ ಕೋರ್‌ಗೂ ಒಂದು ಪುಟ್ಟ ಟೇಬಲ್‌ಗೆ ಮೆಮೊರಿ ತೆಗೆದುಕೊಳ್ಳುತ್ತದೆ. ಆಮೇಲೆ ಕೋರ್ ಬಂದಾಗ, ಹೋದಾಗ ನನ್ನನ್ನು ಕರೆಯಿರಿ ಅಂತ ಕರ್ನಲ್‌ನ ಸಿಪಿಯು ಹಾಟ್‌ಪ್ಲಗ್ ವ್ಯವಸ್ಥೆಗೆ ಹೇಳಿಡುತ್ತದೆ. ಕೊನೆಗೆ ಬೋರ್ಡ್‌ನಲ್ಲಿ ಏನೇನಿದೆ ಅಂತ ಹೇಳುವ ಡಿವೈಸ್ ಟ್ರೀಯಿಂದ ವೋಲ್ಟೇಜ್ ಪಟ್ಟಿ ಓದುತ್ತದೆ. ಆ ಟ್ರೀ ಕೊಡುವ ಫರ್ಮ್‌ವೇರ್ (ಬೋರ್ಡ್‌ನಲ್ಲೇ ಕೂತಿರುವ ಸಾಫ್ಟ್‌ವೇರ್) ನನ್ನ ಬೋರ್ಡ್‌ನಲ್ಲಿ ಹಳೆಯದು, ಅದರಲ್ಲಿ ಆ ಪಟ್ಟಿಯೇ ಇಲ್ಲ. ಮೂರನೇ ಹೆಜ್ಜೆ ಮೈನಸ್ 19 ಕೊಟ್ಟಿತು, ಅಂದರೆ ಡಿವೈಸ್ ಇಲ್ಲ ಅಂತ. ನನ್ನ ಕೋಡ್ ಟೇಬಲ್‌ನ ಮೆಮೊರಿ ಬಿಟ್ಟುಕೊಟ್ಟು ವಾಪಸ್ ಬಂದಿತು. ಹಾಟ್‌ಪ್ಲಗ್‌ಗೆ ಹೇಳಿಟ್ಟಿದ್ದನ್ನು ತೆಗೆಯಲೇ ಇಲ್ಲ.

ಕರ್ನಲ್ ಇದನ್ನು ಸರಿ ಮಾಡುವುದಿಲ್ಲವಾ? ಇಲ್ಲ. ಕರ್ನಲ್ ಜೊತೆಗೇ ಸೇರಿಸಿ ಕಟ್ಟಿದ ಇನಿಟ್ ಫಂಕ್ಷನ್ ಎರರ್ ಕೊಟ್ಟರೆ, ಅದು ಮಾಡಿದ್ದು ಯಾವುದನ್ನೂ ಕರ್ನಲ್ ಹಿಂದಕ್ಕೆ ತಿರುಗಿಸುವುದಿಲ್ಲ. ಸುಮ್ನೆ ಮುಂದಿನದಕ್ಕೆ ಹೋಗುತ್ತದೆ. ಬೂಟ್ ಸಾಲಿಗೆ 'ಇನಿಟ್‌ಕಾಲ್ ಡೀಬಗ್' ಅಂತ ಸೇರಿಸಿದರೆ ಯಾವುದು ಏನು ಕೊಟ್ಟಿತು ಅಂತ ಕಾಣುತ್ತದೆ, ಇಲ್ಲದಿದ್ದರೆ ಅದೂ ಇಲ್ಲ. ಆಮೇಲೆ ಬೇಕಾದಾಗ ಸೇರಿಸುವ ಮಾಡ್ಯೂಲ್ ಆದರೆ ಕಥೆ ಇನ್ನೂ ಕೆಟ್ಟದು. ಇನಿಟ್ ಫೇಲ್ ಆದ ಮಾಡ್ಯೂಲಿನ ಕೋಡನ್ನೇ ಮೆಮೊರಿಯಿಂದ ತೆಗೆದುಹಾಕುತ್ತದೆ, ಕರೆದರೆ ಅಲ್ಲಿ ಫಂಕ್ಷನ್ನೇ ಇರುವುದಿಲ್ಲ.

ಸಸ್ಪೆಂಡ್ ಆಗುವಾಗ ಕರ್ನಲ್ ಮೊದಲ ಕೋರ್ ಬಿಟ್ಟು ಉಳಿದವನ್ನೆಲ್ಲ ಇಳಿಸುತ್ತದೆ. ಇಳಿಸುವಾಗ ಹಾಟ್‌ಪ್ಲಗ್‌ಗೆ ಹೇಳಿಟ್ಟಿದ್ದ ನನ್ನ ಫಂಕ್ಷನನ್ನು (ಕಾಲ್‌ಬ್ಯಾಕ್) ಕರೆಯಿತು, ಅದು ಬಿಟ್ಟುಕೊಟ್ಟ ಟೇಬಲ್ ಓದಿತು. ಎರಡು ಸಲ ಆ ಜಾಗದಲ್ಲಿ ಹಳೇ ಮಾಹಿತಿಯೇ ಉಳಿದಿತ್ತು, ಬಚಾವ್. ಮೂರನೇ ಸಲದ ಹೊತ್ತಿಗೆ ಬೇರೆ ಯಾರೋ ಆ ಮೆಮೊರಿ ತೆಗೆದುಕೊಂಡಿದ್ದರು. ಆಫೀಸಿನ ರ‍್ಯಾಕ್‌ನಲ್ಲಿ ಎಲ್ಲದಕ್ಕೂ ಹೊಸ ಫರ್ಮ್‌ವೇರ್. ಯುಪಿಎಸ್ ಗಟ್ಟಿ, ಸಸ್ಪೆಂಡ್ ಆಗುವ ಮಾತೇ ಇಲ್ಲ. ಅಲ್ಲಿ ಇದು ಸಿಗುವುದಾದರೂ ಹೇಗೆ?

ದೊಡ್ಡಪ್ಪನ ತೋಟ ನೆನಪಾಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕೆರೆಗೆ ಡೀಸೆಲ್ ಎಂಜಿನ್ ಇಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯುತ್ತಾರಲ್ಲ, ಆ ಪೈಪು ಹೊರುವ ಕೆಲಸಕ್ಕೆ ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಒಮ್ಮೆ ಒಂದು ಜೆಟ್ ಸರಿಯಾಗಿ ತಿರುಗಲಿಲ್ಲ. ಲೈನ್ ಬದಲಾಯಿಸೋಣ ಅಂತ ನಾನು ನಡುವಿನ ಪೈಪಿನ ಕ್ಲಿಪ್ ಬಿಚ್ಚಿದೆ. ಕೆಳಗೆ ಎಂಜಿನ್ ಇನ್ನೂ ಓಡುತ್ತಿತ್ತು. ಪೈಪು ಹಾವಿನ ಹಾಗೆ ಎದ್ದು, ಎರಡು ಸಾಲು ಗಿಡದ ಮೊಗ್ಗು ಉದುರಿಸಿತು. "ಮೊದಲು ಎಂಜಿನ್ ನಿಲ್ಸೋ ಮಾರಾಯ!" ಅಂತ ದೊಡ್ಡಪ್ಪ ಕೆರೆ ಏರಿಯಿಂದ ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ನಾನು ಕರ್ನಲ್‌ನಲ್ಲಿ ಮಾಡಿದ್ದೂ ಅದನ್ನೇ ಅಲ್ವಾ.

ಕಾಲೇಜಿನಲ್ಲಿ 'ಗೋಟು' (ಕೋಡ್‌ನ ಇನ್ನೊಂದು ಜಾಗಕ್ಕೆ ಹಾರಿಸುವ ಆದೇಶ) ಮುಟ್ಟಲೇಬೇಡಿ ಅಂತ ಹೇಳಿಕೊಟ್ಟಿದ್ದರು. ಕರ್ನಲ್ ಕೋಡ್‌ನಲ್ಲಿ ಮಾತ್ರ ಅದು ದಿನಬಳಕೆಯದು. ಫಂಕ್ಷನ್‌ನ ಕೊನೆಯಲ್ಲಿ ಒಂದರ ಕೆಳಗೊಂದು ಲೇಬಲ್, ಅಂದರೆ ಹಾರಿ ಬರಬೇಕಾದ ಜಾಗದ ಗುರುತು. ಎಲ್ಲಿ ಸೋತೆವೋ ಅಲ್ಲಿಂದ ಸರಿಯಾದ ಲೇಬಲ್‌ಗೆ ಹಾರಿದರೆ, ಮಾಡಿದ್ದೆಲ್ಲ ಕೊನೆಯದರಿಂದ ಮೊದಲಿನದಕ್ಕೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ನನ್ನ ಕೋಡ್‌ನಲ್ಲಿ ಈ ಕ್ರಮ ಇನ್ನೊಂದು ಕಾರಣಕ್ಕೂ ಮುಖ್ಯ. ಹಾಟ್‌ಪ್ಲಗ್ ನೋಂದಣಿ ತೆಗೆಯುವಾಗ ಕರ್ನಲ್ ಆನ್‌ಲೈನ್ ಇರುವ ಪ್ರತಿ ಕೋರ್‌ನಲ್ಲೂ ನನ್ನ ಬಿಚ್ಚುವ ಕಾಲ್‌ಬ್ಯಾಕನ್ನು ಕೊನೆಯ ಸಲ ಕರೆಯುತ್ತದೆ. ಆಗ ಟೇಬಲ್ ಇನ್ನೂ ಇರಬೇಕು.

ಸರಿ, ಎರಡು ಸಾಲು ಸೇರಿಸಿ ಪ್ಯಾಚ್ ಮಾಡಿದೆ. ಅದು ಬೂಟ್‌ನಲ್ಲೇ ಬಿತ್ತು!

ಕಾರಣ ಹೇಳಲು ನಾಚಿಕೆ. ಹಾಟ್‌ಪ್ಲಗ್‌ನಲ್ಲಿ ನಮಗೊಂದು ಸ್ಲಾಟ್ ನೀವೇ ಕೊಡಿ ಅಂತ ಕೇಳಿದರೆ, ಗೆದ್ದಾಗ ಅದು ಸೊನ್ನೆ ಕೊಡುವುದಿಲ್ಲ. ಸ್ಲಾಟ್‌ನ ನಂಬರನ್ನೇ ಕೊಡುತ್ತದೆ. ಆ ನಂಬರ್ ಎತ್ತಿಟ್ಟುಕೊಂಡರೆ ಮಾತ್ರ ಆಮೇಲೆ ತೆಗೆಯಲು ಆಗುವುದು. ನಾನು ಅದನ್ನು ಇಟ್ಟಿದ್ದ ವೇರಿಯಬಲ್‌ನಲ್ಲೇ ಮುಂದಿನ ಹೆಜ್ಜೆಯ ಎರರ್ ಕೂಡ ಹಾಕಿದ್ದೆ. ಹಾಗಾಗಿ 'ಮೈನಸ್ 19ನೇ ಸ್ಲಾಟ್ ತೆಗೆಯಿರಿ' ಅಂತ ಹೇಳಿದ ಹಾಗಾಯಿತು. ಇಂಥ ನಂಬರ್ ಬಂದರೆ ಕರ್ನಲ್ ಅಲ್ಲೇ ಕೈ ಎತ್ತಿಬಿಡುತ್ತದೆ.

ರಿವ್ಯೂ ಮಾಡುವ ಮೇಡಂಗೆ ಫೋನ್‌ನಲ್ಲಿ ಹೇಳಿದೆ. ಅವರು ನಕ್ಕು, "ಆ ದಾರಿಯಲ್ಲಿ ನೀವು ಒಂದು ಸಲವಾದರೂ ನಡೆದು ನೋಡಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಕೋಡ್ ಬರೆದಿಲ್ಲ, ಆಸೆ ಬರೆದಿದ್ದೀರಿ."

ಮುಂದಿನ ಎರಡು ದಿನ ಅದೇ ಕೆಲಸ. ಪ್ರತಿ ಹೆಜ್ಜೆಯಲ್ಲೂ ಕೈಯಾರೆ ಒಂದೊಂದು ಸೋಲು ತುರುಕಿದೆ. ಮೆಮೊರಿ ಸಿಗಲಿಲ್ಲ ಅಂತ ಮೈನಸ್ 12 ಒಂದು ಕಡೆ, ಮೈನಸ್ 19 ಇನ್ನೊಂದು ಕಡೆ. ಬಿಟ್ಟುಕೊಟ್ಟ ಮೆಮೊರಿ ಮುಟ್ಟಿದರೆ ಹಿಡಿದುಕೊಡುವ ಕೇಸನ್ ಆನ್ ಮಾಡಿದೆ. ಪ್ರತಿ ಸಲ ಬೂಟ್ ಆದಮೇಲೆ ಕೋರ್‌ಗಳ 'ಆನ್‌ಲೈನ್' ಫೈಲ್‌ಗೆ ಸೊನ್ನೆ ಬರೆದು ಇಳಿಸುವುದು, ಒಂದು ಬರೆದು ಏರಿಸುವುದು. ಮೆಮೊರಿ ಕೇಳಿದಾಗ ಬೇಕಂತಲೇ ಇಲ್ಲ ಅನ್ನುವ ಫೇಲ್‌ಸ್ಲ್ಯಾಬ್ ಕರ್ನಲ್‌ನಲ್ಲೇ ಇದೆ. ಆದರೂ ಮೂರು ಹೆಜ್ಜೆಯ ಫಂಕ್ಷನ್‌ಗೆ ಕೈಕೆಲಸವೇ ಬೇಗ ಆಗುತ್ತದೆ ಅಂತ ನನ್ನ ಲೆಕ್ಕ. 2023ರ 6.5 ಕರ್ನಲ್‌ನಿಂದ ಈಚೆಗೆ, ಫಂಕ್ಷನ್‌ನಿಂದ ಹೊರಬಿದ್ದ ಕೂಡಲೇ ತಾನೇ ಬಿಚ್ಚಿಕೊಳ್ಳುವ ಸೌಲಭ್ಯವೂ ಬಂದಿದೆ. ಹೊಸ ಕೋಡ್‌ಗೆ ಅದು ಚೆನ್ನ. ಹಳೆಯದರ ಜೊತೆ ಬೆರೆಸಿದರೆ ಯಾವುದನ್ನು ಯಾರು ಬಿಚ್ಚುತ್ತಾರೆ ಅಂತ ತಲೆ ಕೆಡುತ್ತದೆ.

ಅಷ್ಟೆಲ್ಲ ಯಾಕೆ, ಫೇಲ್ ಆದ ಕೂಡಲೇ ಪ್ಯಾನಿಕ್ ಮಾಡಿಬಿಡಿ, ಅಂದರೆ ಕರ್ನಲನ್ನೇ ನಿಲ್ಲಿಸಿಬಿಡಿ ಅಂತ ಟೀಮಿನಲ್ಲಿ ಒಬ್ಬರು ಹೇಳಿದರು. ನನಗೆ ಒಪ್ಪಿಗೆ ಇಲ್ಲ. ಬೂಟ್‌ನ ಮೊದಲಲ್ಲೇ ಪ್ರತಿ ಕೋರ್‌ಗೆ ಬೇಕಾದ ಮೆಮೊರಿ ಜಾಗ ಸಿಗದಿದ್ದರೆ ಕರ್ನಲ್ ಪ್ಯಾನಿಕ್ ಆಗುತ್ತದೆ, ಅದು ನ್ಯಾಯ. ಅದಿಲ್ಲದೆ ಮುಂದೆ ಏನೂ ನಡೆಯುವುದಿಲ್ಲ. ವೋಲ್ಟೇಜ್ ಪಟ್ಟಿ ಇಲ್ಲದಿದ್ದರೆ ಬೋರ್ಡ್ ಒಂದೇ ವೇಗದಲ್ಲಿ ಓಡುತ್ತದೆ, ಕರೆಂಟು ಸ್ವಲ್ಪ ಜಾಸ್ತಿ ತಿನ್ನುತ್ತದೆ. ಅದಕ್ಕೆ ಇಡೀ ಯಂತ್ರ ಕೆಡವುವುದಾ?

ಕೊನೆಗೆ ಹೋದ ಪ್ಯಾಚ್‌ನಲ್ಲಿ ಎರಡು ಲೇಬಲ್, ಒಂದು ಬೇರೆ ವೇರಿಯಬಲ್, ಮತ್ತೆ ಯಾವ ಹೆಜ್ಜೆ, ಯಾವ ನಂಬರ್ ಅಂತ ಹೇಳುವ ಲಾಗ್ ಸಾಲುಗಳು. ಹಳೇ ಫರ್ಮ್‌ವೇರ್‌ನ ಬೋರ್ಡ್ ವಾಪಸ್ ಕಳಿಸಿ, ಅಪ್‌ಡೇಟ್ ಮಾಡಿ ಕೊಡುತ್ತೇವೆ ಅಂತ ಆಫೀಸಿನಿಂದ ಎರಡು ಸಲ ಮೆಸೇಜ್ ಬಂದಿದೆ. ಮಳೆ ನಿಲ್ಲಲಿ, ಆಮೇಲೆ ನೋಡೋಣ ಅಂದಿದ್ದೇನೆ.