ಚೆಕ್ಕಿನ ಮೇಲಿನ ತಾರೀಕು

ನಮ್ಮ ಮನೆ ಸಾಲದ ಚೆಕ್ಕಿನ ಜೆರಾಕ್ಸ್ ಈಗ ನನ್ನ ಮುಂದೆ ಇದೆ. ಬಲಗಡೆ ಮೇಲಿನ ಚೌಕಗಳಲ್ಲಿ 14-03-2023. ಕೆಳಗೆ ಮನೆ ಮಾರಿದವರ ಸಹಿ, ಪಕ್ಕದಲ್ಲೇ ಚೆಕ್ ಕೈಗೆ ಸಿಕ್ಕ ದಿನ ಅಂತ ನೀಲಿ ಪೆನ್ನಿನಲ್ಲಿ ಅವರು ಬರೆದ 06-04-2023. ನಡುವೆ 23 ದಿನ.

ಸಂತೆಕಟ್ಟೆ ಹತ್ತಿರ ಹಳೇ ಹೆಂಚಿನ ಮನೆ ತೆಗೊಂಡಿದ್ದೆವು. ಮಾರುವವರ ತಮ್ಮ ಮುಂಬಯಿಯಿಂದ ಸಹಿಗೆ ಬರುವಾಗ ತಡವಾಯ್ತು. ರಿಜಿಸ್ಟ್ರೇಶನ್ ಆಗುವವರೆಗೂ ಚೆಕ್ ಬ್ಯಾಂಕಿನಲ್ಲೇ ಇತ್ತು. ಒಂದು ರೂಪಾಯಿಯೂ ಯಾರ ಕೈಗೂ ಹೋಗಿರಲಿಲ್ಲ. ಆದರೂ ಬಡ್ಡಿ ಓಡುತ್ತಿತ್ತು. 22 ಲಕ್ಷಕ್ಕೆ ಶೇ. 8.6 ಅಂದ್ರೆ ದಿನಕ್ಕೆ 518 ರೂಪಾಯಿ 36 ಪೈಸೆ. ಒಟ್ಟು 11,922. ನಾನು ಹೊಲಿಗೆ ಕೆಲಸದವಳು. ಒಂದು ರವಕೆಗೆ 350 ರೂಪಾಯಿ ಮಜೂರಿ. 34 ರವಕೆಯ ದುಡ್ಡು ಅದು.

ಆಗ ನನಗೆ ಗೊತ್ತಾಗಲೇ ಇಲ್ಲ. 2024ರ ಏಪ್ರಿಲ್ 29ಕ್ಕೆ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದರ ಸುದ್ದಿ ಓದಿದಾಗ ನಮ್ಮ ಕಥೆಯನ್ನೇ ಬರೆದ ಹಾಗಿತ್ತು. ತಪಾಸಣೆಗೆ ಹೋದಾಗ ಸಿಕ್ಕಿದ್ದನ್ನೆಲ್ಲ ಅದರಲ್ಲಿ ಹೇಳಿದ್ದಾರೆ. ಸಾಲ ಕೈಗೆ ಸಿಗುವ ಮೊದಲೇ, ಮಂಜೂರಾದ ದಿನದಿಂದಲೇ ಬಡ್ಡಿ ಹಾಕುವುದು. ಚೆಕ್ಕನ್ನು ಎಷ್ಟೋ ದಿನ ಬಿಟ್ಟು ಕೊಟ್ಟರೂ ಅದರ ಮೇಲಿನ ತಾರೀಕಿನಿಂದ ಲೆಕ್ಕ ಹಿಡಿಯುವುದು. ತಿಂಗಳ ಮಧ್ಯೆ ಸಾಲ ಕೊಟ್ಟು ಇಡೀ ತಿಂಗಳ ಬಡ್ಡಿ ವಸೂಲಿ ಮಾಡುವುದು. ಸಿಕ್ಕಿಬಿದ್ದ ಕಡೆ ಹೆಚ್ಚುವರಿ ದುಡ್ಡು ವಾಪಸ್ ಕೊಡಲು ಹೇಳಿದ್ದಾರೆ. ಚೆಕ್ ಬದಲು ಖಾತೆಗೇ ನೇರ ಹಾಕಿ ಅಂತಲೂ ಇದೆ.

ಜೆರಾಕ್ಸ್, ಸಾಲದ ಸ್ಟೇಟ್‌ಮೆಂಟ್ ಹಿಡ್ಕೊಂಡು ಬ್ಯಾಂಕಿಗೆ ಹೋದೆ. "ಸಿಸ್ಟಮ್ ಹಾಗೇ ತೆಗೊಳ್ತದೆ ಮೇಡಂ" ಅಂದರು. ದೂರನ್ನು ಬರೆದೇ ಕೊಟ್ಟೆ. ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡೆ. ಆ ಸೀಲು ತುಂಬಾ ಮುಖ್ಯ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ನನಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. 26ನೇ ದಿನ 11,922 ರೂಪಾಯಿ ಖಾತೆಗೆ ಬಂತು.

ಅಷ್ಟೇ ಬಂತು. ವರ್ಷಕ್ಕೂ ಜಾಸ್ತಿ ನನ್ನ ದುಡ್ಡು ಅವರ ಹತ್ತಿರ ಇತ್ತು, ಅದಕ್ಕೆ ಏನೂ ಇಲ್ಲ. ನಾವು ಕಂತು ತಡ ಮಾಡಿದ್ರೆ ಬಿಡ್ತಾರಾ? ಸಾಲ ತೀರಿದ 30 ದಿನದೊಳಗೆ ಮನೆ ಪತ್ರ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023ರ ಡಿಸೆಂಬರ್ 1ರಿಂದ ನಿಯಮ ಇದೆ. ಎಷ್ಟು ಒಳ್ಳೆ ನಿಯಮ ಅಲ್ವಾ? ಹೆಚ್ಚು ಬಡ್ಡಿ ಹಿಡಿದರೂ ಅಂಥದ್ದೇ ಬೇಕು. ಈ ಸುತ್ತೋಲೆಯಲ್ಲಿ ಅದಿಲ್ಲ. ಸುಮ್ನೆ ವಾಪಸ್ ಕೊಟ್ಟರೆ ಸಾಕು ಅಂದ್ರೆ, ಕೇಳಲು ಬರದವರ ದುಡ್ಡು ಅಲ್ಲೇ ಉಳಿಯುತ್ತದೆ.

ನಿನ್ನೆ ಎದುರು ಮನೆಯ ಅಕ್ಕ ಸಾಲದ ಫೈಲ್ ತಂದಿದ್ದರು. ಅವರದ್ದೂ ಚೆಕ್ಕಿನ ಸಾಲವೇ, ಆದರೆ ಜೆರಾಕ್ಸ್ ಇಲ್ಲ. ಮನೆ ಮಾರಿದವರ ಪಾಸ್‌ಬುಕ್ಕಿನಲ್ಲಿ ದುಡ್ಡು ಜಮೆಯಾದ ದಿನ ಇರುತ್ತದೆ. ಅದನ್ನು ಕೇಳಲು ಭಾನುವಾರ ಇಬ್ಬರೂ ಬ್ರಹ್ಮಾವರಕ್ಕೆ ಹೋಗುತ್ತಿದ್ದೇವೆ.